ಕಪ್ಪು ಬಿಯರ್: ಬಣ್ಣ ಬಿಟ್ಟು ರುಚಿ ಹಿಡಿಯುವುದು ಹೇಗೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದವರು ಮೊದಲ ಸಲ ಮೈಕ್ರೊಬ್ರುವರಿಗೆ ಕಾಲಿಟ್ಟಾಗ ತೊಡಕಾಗುವುದು ಬೋರ್ಡಿನ ಕೊನೆಯ ಸಾಲುಗಳಲ್ಲಿ. ಮೇಲಿರುವ ಲಾಗರ್, ವೀಟ್ ಬಿಯರ್ ಹೇಗೋ ಅರ್ಥವಾಗುತ್ತವೆ. ಕೆಳಗೆ ಡಂಕೆಲ್, ಪೋರ್ಟರ್, ಸ್ಟೌಟ್ ಎಂಬ ಹೆಸರುಗಳಿರುತ್ತವೆ. ಗ್ಲಾಸಿಗೆ ಸುರಿದರೆ ಎಲ್ಲವೂ ಕಪ್ಪೇ. ಗುಂಪಿನಲ್ಲಿ ಒಬ್ಬ ಧೈರ್ಯ ಮಾಡಿ ದೊಡ್ಡ ಮಗ್ ತರಿಸುತ್ತಾನೆ, ಎರಡು ಗುಟುಕಿಗೇ ಮುಖ ಕಿವುಚುತ್ತಾನೆ. ‘ಕರೀದಂದ್ರ ಸ್ಟ್ರಾಂಗ್ ಇರ್ತೈತಿ, ಕಹೀನೂ ಇರ್ತೈತಿ, ನಮಗ ಬ್ಯಾಡೋ ಮಾರಾಯಾ’ ಎಂದು ತೀರ್ಪು ಕೊಡುತ್ತಾನೆ. ಉಳಿದವರು ಆ ಸಾಲುಗಳ ಕಡೆ ಮತ್ತೆ ನೋಡುವುದಿಲ್ಲ.

ಕಪ್ಪು ಬಿಯರ್‌ಗಳಲ್ಲಿ ಕೆಲವು ನಮ್ಮ ಅಂಗಡಿಯ ಹೊಂಬಣ್ಣದ ಬಾಟಲಿಗಿಂತ ಹಗುರ, ಕೆಲವು ಕಹಿಗಿಂತ ಸಿಹಿಯೇ ಹೆಚ್ಚಿರುವಂಥವು. ಕಪ್ಪು ಬಣ್ಣ ತಿಳಿಸುವುದು ಒಂದನ್ನೇ: ಧಾನ್ಯದ ಒಂದು ಸಣ್ಣ ಪಾಲನ್ನು ಎಷ್ಟು ಹುರಿದಿದ್ದಾರೆ ಎಂಬುದನ್ನು. ಮಿಕ್ಕಿದ್ದನ್ನು ಮೂಗು, ನಾಲಿಗೆ ಹೇಳಬೇಕು. ಅವು ಸರಿಯಾಗಿ ಹೇಳಬೇಕಾದರೆ, ಒಂದೇ ಒಂದು ಮುಖ್ಯ ವ್ಯತ್ಯಾಸವಿರುವ ಎರಡು ಗ್ಲಾಸುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಬೇಕು. ಹಾಗೆ ನೋಡುವ ಕ್ರಮ ಇಲ್ಲಿದೆ.

ಕುಡಿಯದವರು ಇದನ್ನೋದಿ ಶುರು ಮಾಡಬೇಕಾದ್ದಿಲ್ಲ. ಈಗಾಗಲೇ ಕುಡಿಯುವ ವಯಸ್ಕರು ಕಡಿಮೆ ಕುಡಿದು ಹೆಚ್ಚು ತಿಳಿಯಲಿ ಎಂಬುದಷ್ಟೇ ಉದ್ದೇಶ. ನಡುವೆ ಬರುವ ಮನೆಯ ಅಭ್ಯಾಸದಲ್ಲಿ ಮದ್ಯವೇ ಇಲ್ಲ. ಅದನ್ನು ಗ್ಲುಟೆನ್ ಆಗದವರ ಹೊರತು ಯಾರಾದರೂ ಮಾಡಬಹುದು.

ಕಪ್ಪು ಎಲ್ಲಿಂದ ಬರುತ್ತದೆ?

ಬಿಯರ್‌ಗೆ ಮೂಲ ಜವೆಗೋಧಿ, ಅಂದರೆ ಬಾರ್ಲಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಹಿಟ್ಟಿನಂಶವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಕ್ಕರೆಯನ್ನು ತಿಂದು ಯೀಸ್ಟ್ ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಹದವಾಗಿ ಒಣಗಿಸಿದ ತಿಳಿ ಮಾಲ್ಟ್‌ನಲ್ಲಿ ಕಿಣ್ವಗಳು ಉಳಿದಿರುತ್ತವೆ. ಕಪ್ಪಾಗುವಷ್ಟು ಹುರಿದರೆ ನಾಶವಾಗುತ್ತವೆ. ಆದ್ದರಿಂದ ಬರೀ ಕಪ್ಪು ಮಾಲ್ಟ್‌ನಿಂದ ಬಿಯರ್ ಮಾಡಲು ಬರುವುದಿಲ್ಲ. ಮಸಿಯಂತೆ ಕಾಣುವ ಡ್ರೈ ಸ್ಟೌಟ್‌ನಲ್ಲೂ ಕಪ್ಪಗೆ ಹುರಿದ ಧಾನ್ಯ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನ ಆಸುಪಾಸು.

ಇದರ ಹಿಂದೆ ಸ್ವಲ್ಪ ಇತಿಹಾಸವಿದೆ. 18ನೇ ಶತಮಾನದ ಲಂಡನ್ನಿನಲ್ಲಿ ಹೊರೆ ಹೊರುವ ಕೂಲಿಗಳ ಮೆಚ್ಚಿನ ಕಂದು ಬಿಯರ್‌ಗೆ ಪೋರ್ಟರ್ ಎಂಬ ಹೆಸರು ಬಿತ್ತು. ಅದರಲ್ಲೇ ಗಟ್ಟಿಯಾದದ್ದು ಸ್ಟೌಟ್ ಪೋರ್ಟರ್ ಎನ್ನಿಸಿಕೊಂಡು, ಮುಂದೆ ಬರೀ ಸ್ಟೌಟ್ ಆಯಿತು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ತಿರುಗುವ ಡ್ರಮ್ಮಿನಲ್ಲಿ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಚೂರೇ ಕಪ್ಪು ಮಾಲ್ಟ್ ಬೆರೆಸಿ ಇಡೀ ಪೀಪಾಯಿಯ ಬಣ್ಣ ಬದಲಿಸಲು ಆಗಿನಿಂದ ದಾರಿಯಾಯಿತು.

ನಮ್ಮಲ್ಲಿ ಬಿಯರ್ ಉದ್ಯಮ ಹಳೆಯದು. ಯುನೈಟೆಡ್ ಬ್ರುವರೀಸ್ ಅನ್ನು ಥಾಮಸ್ ಲೈಷ್‌ಮನ್ ಕಟ್ಟಿದ್ದು 1915ರಲ್ಲಿ. ಆದರೆ ಕುಡಿಯುವ ಜಾಗದಲ್ಲೇ ತಯಾರಾದ ಕಪ್ಪು ಬಿಯರ್ ಬೆಂಗಳೂರಿನ ಗ್ಲಾಸುಗಳಿಗೆ ಬಂದದ್ದು 2010ರ ನಂತರ, ಇಂದಿರಾನಗರದ ಟಾಯ್ಟ್, ಮ್ಯಾಗ್ರತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಂಥ ಮೈಕ್ರೊಬ್ರುವರಿಗಳು ತೆರೆದ ಮೇಲೆ.

ಬಣ್ಣ ಹೇಳದ ಮೂರು ಸಂಗತಿ

1. ಮದ್ಯಸಾರ ಎಷ್ಟು? ಜಗತ್ತಿನ ಅತಿ ಪ್ರಸಿದ್ಧ ಕಪ್ಪು ಬಿಯರ್ ಆದ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಇರುವುದು ಶೇ 4.2. ನಮ್ಮ ಅಂಗಡಿಗಳಲ್ಲಿ ‘ಸ್ಟ್ರಾಂಗ್’ ಎಂದು ಮಾರುವ ಹೊಂಬಣ್ಣದ ಬಾಟಲಿಯಲ್ಲಿ ಸಾಮಾನ್ಯವಾಗಿ ಶೇ 8ರ ಹತ್ತಿರ. ಹೋಲಿಸಿದರೆ ಕಪ್ಪಿನದು ಅರ್ಧದಷ್ಟು. ಮದ್ಯಸಾರ ನಿಂತಿರುವುದು ಯೀಸ್ಟ್ ತಿಂದ ಸಕ್ಕರೆಯ ಮೇಲೆ. ಹುರಿದ ಬಣ್ಣಕ್ಕೂ ಅದಕ್ಕೂ ನಂಟಿಲ್ಲ.

2. ಕಹಿ ಎಷ್ಟು? ಬಿಯರ್‌ಗೆ ಕಹಿ ಎರಡು ಕಡೆಯಿಂದ ಬರುತ್ತದೆ. ಒಂದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ, ಇನ್ನೊಂದು ಕಪ್ಪಗೆ ಹುರಿದ ಧಾನ್ಯದಿಂದ. ಹಾಪ್ಸ್ ಕಹಿಯನ್ನು ಅಳೆಯುವ ಐಬಿಯು ಮಾನದಲ್ಲಿ ಮ್ಯೂನಿಕ್ ಡಂಕೆಲ್ 18ರಿಂದ 28ರೊಳಗೆ ನಿಲ್ಲುತ್ತದೆ. ಬಣ್ಣದಲ್ಲಿ ಅದಕ್ಕಿಂತ ಎಷ್ಟೋ ತಿಳಿಯಾದ ಅಮೆರಿಕನ್ ಐಪಿಎ ಎಂಬ ಬಿಯರ್ 40ರಿಂದ 70ರವರೆಗೆ ಹೋಗುತ್ತದೆ.

3. ದಪ್ಪ ಎಷ್ಟು? ಬಾಯಲ್ಲಿ ಸಿಗುವ ಸಾಂದ್ರತೆ ಯೀಸ್ಟ್ ತಿನ್ನದೆ ಉಳಿಸಿದ ಸಕ್ಕರೆಗಳಿಂದ, ಓಟ್ಸ್‌ನಂಥ ಧಾನ್ಯಗಳಿಂದ ಬರುತ್ತದೆ. ಕೆಲವು ಸ್ಟೌಟ್‌ಗಳನ್ನು ಸಾರಜನಕ ಬೆರೆಸಿದ ಅನಿಲದೊಂದಿಗೆ ಸುರಿಯುತ್ತಾರೆ. ಸಾರಜನಕದ ಗುಳ್ಳೆ ತೀರ ಸಣ್ಣ, ಹಾಗಾಗಿ ನೊರೆ ಕೆನೆಯಂತೆ ನಿಲ್ಲುತ್ತದೆ, ಹಗುರ ಬಿಯರ್ ಕೂಡ ದಪ್ಪವೆಂದು ಭ್ರಮೆ ಹುಟ್ಟಿಸುತ್ತದೆ. ಬೋರ್ಡಿನಲ್ಲಿ ‘ನೈಟ್ರೊ’ ಎಂದಿದ್ದರೆ ಇದನ್ನು ನೆನಪಿಡಿ.

ಮೊದಲು ಮನೆಯಲ್ಲಿ: ಮದ್ಯವಿಲ್ಲದ ಅಭ್ಯಾಸ

ಗೋಕಾಕದ ಕಡೆಯ ಮಮದಾಪುರದಂಥ ಊರಿನಲ್ಲಿ ಕೂತವರಿಗೆ ಮೈಕ್ರೊಬ್ರುವರಿ ದೂರ. ಆದರೆ ಬಾರ್ಲಿ ದೂರವಿಲ್ಲ. ಗೋಕಾಕದ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಅನೇಕ ಮನೆಗಳಲ್ಲಿ ಉರಿಮೂತ್ರಕ್ಕೆ ಗಂಜಿ ಕಾಯಿಸಲೆಂದು ಇದ್ದೇ ಇರುತ್ತದೆ. ಹುರಿದ ಬಾರ್ಲಿಯ ನೀರನ್ನು ಜಪಾನ್, ಕೊರಿಯಾಗಳಲ್ಲಿ ಚಹಾದಂತೆ ದಿನವೂ ಕುಡಿಯುತ್ತಾರೆ. ಅದನ್ನೇ ನಾವು ನಾಲಿಗೆಯ ಪಾಠಕ್ಕೆ ಬಳಸೋಣ.

1. ಮೂರು ಹಿಡಿ ಬಾರ್ಲಿಯನ್ನು ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ, ಕೈ ಬಿಡದೆ ಹುರಿಯಿರಿ. ಮೊದಲನೆಯದು ಹೊಂಬಣ್ಣಕ್ಕೆ, ಎರಡನೆಯದು ಹುರಿದ ಶೇಂಗಾದ ಸಿಪ್ಪೆಯ ಕಂದಿಗೆ, ಮೂರನೆಯದು ಕಾಫಿ ಬೀಜದ ಬಣ್ಣಕ್ಕೆ ಬರಲಿ. ಮೂರನೆಯದಕ್ಕೆ ಹೊಗೆ ಏಳುತ್ತದೆ, ಕಿಟಕಿ ತೆಗೆದಿಡಿ. ಇದ್ದಿಲಾಗುವ ಮೊದಲೇ ಇಳಿಸಿ.

2. ಆರಿದ ಮೇಲೆ ಬೇರೆಬೇರೆಯಾಗಿ ತರಿತರಿ ಪುಡಿ ಮಾಡಿ. ಪ್ರತಿಯೊಂದರ ಒಂದು ದೊಡ್ಡ ಚಮಚವನ್ನು ಒಂದೊಂದು ಲೋಟ ಬಿಸಿನೀರಿಗೆ ಹಾಕಿ 10 ನಿಮಿಷ ಬಿಟ್ಟು ಸೋಸಿ, ತಣಿಸಿ.

3. ತಿಳಿಯದರಿಂದ ಕಪ್ಪಿನ ಕಡೆಗೆ ಒಂದೊಂದು ಗುಟುಕು ನೋಡಿ. ಮೊದಲನೆಯದರಲ್ಲಿ ಹುರಿದ ಧಾನ್ಯದ ಘಮ, ಎರಡನೆಯದರಲ್ಲಿ ರೊಟ್ಟಿಯ ಸುಟ್ಟ ಚುಕ್ಕೆಯ ರುಚಿ, ಮೂರನೆಯದರಲ್ಲಿ ಸೀದ ಕಹಿ ಮತ್ತು ಕೊನೆಯಲ್ಲಿ ನಾಲಿಗೆ ಒಣಗಿಸುವ ಒಗರು ಸಿಗಬೇಕು.

4. ಈಗ ಮೊದಲ ಲೋಟದಿಂದ ಒಂಬತ್ತು ಚಮಚ, ಮೂರನೆಯದರಿಂದ ಒಂದು ಚಮಚ ಬೆರೆಸಿ. ಬಣ್ಣ ತಟ್ಟನೆ ಬದಲಾಗುತ್ತದೆ, ರುಚಿ ಅಷ್ಟು ಬದಲಾಗುವುದಿಲ್ಲ. ಕಪ್ಪು ಬಿಯರ್ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಈ ಒಂದು ಚಮಚದಲ್ಲಿದೆ.

5. ಕಾಕವಿ ಸಿಕ್ಕರೆ ಅರ್ಧ ಚಮಚವನ್ನು ಎರಡನೆಯ ಲೋಟಕ್ಕೆ ಕಲಸಿ ನೋಡಿ. ಕಂದು ಬಾರ್ಲಿಗೆ ಸಿಹಿ ಸೇರಿದಾಗ ಕಹಿ ಹೇಗೆ ಹಿಂದೆ ಸರಿಯುತ್ತದೆ ಎಂಬುದು ಗೊತ್ತಾಗುತ್ತದೆ. ಸಿಹಿ ಸ್ಟೌಟ್‌ಗಳು ನಡೆಯುವುದು ಇದೇ ಲೆಕ್ಕದ ಮೇಲೆ.

ಬೋರ್ಡಿನ ಹೆಸರುಗಳು: ಏನು ನಿರೀಕ್ಷಿಸಬೇಕು?

ಇಲ್ಲಿ ಕೊಟ್ಟ ಮದ್ಯಸಾರದ ಅಂಕಿಗಳು ಆಯಾ ಬಗೆಗೆ ರೂಢಿಯಲ್ಲಿರುವ ಸುಮಾರು ಮಿತಿಗಳು. ಬ್ರುವರಿಯಿಂದ ಬ್ರುವರಿಗೆ ಬದಲಾಗುತ್ತವೆ. ಬೋರ್ಡಿನಲ್ಲಿ ಬರೆದದ್ದೇ ಅಂತಿಮ.

1. ಮ್ಯೂನಿಕ್ ಡಂಕೆಲ್ (ಶೇ 4.5–5.5): ಬವೇರಿಯಾದ ಕಂದು ಲಾಗರ್. ಮ್ಯೂನಿಕ್ ಮಾಲ್ಟ್‌ನಿಂದ ಬ್ರೆಡ್ಡಿನ ಕಂದು ಅಂಚಿನ ರುಚಿ, ಹದವಾದ ಸಿಹಿ, ಕಡಿಮೆ ಕಹಿ. ಹೊಸಬರಿಗೆ ಇದೇ ಮೊದಲ ಮೆಟ್ಟಿಲು.

2. ಶ್ವಾರ್ಟ್ಸ್‌ಬಿಯರ್ (ಶೇ 4.5–5.5): ಜರ್ಮನಿಯ ಕಪ್ಪು ಲಾಗರ್. ತುರಿಂಗಿಯಾದ ಕ್ಯೋಸ್ಟ್ರಿಟ್ಸರ್ ಇದಕ್ಕೆ ಹೆಸರಾದ ಬ್ರಾಂಡ್. ನೋಡಲು ಗಾಢ, ಕುಡಿಯಲು ಹಗುರ. ಹುರಿದ ರುಚಿ ಸುಳಿದು ಹೋಗುತ್ತದೆ, ಕೊನೆ ಒಣಗಿರುತ್ತದೆ.

3. ಡಂಕೆಲ್‌ವೈಟ್ಸೆನ್ (ಶೇ 4.5–5.5): ಗೋಧಿ ಸೇರಿದ ಕಂದು ಬಿಯರ್. ಬಾಳೆಹಣ್ಣು ಮತ್ತು ಲವಂಗದ ಘಮ ಬರುತ್ತದೆ. ಹಣ್ಣನ್ನಾಗಲಿ ಲವಂಗವನ್ನಾಗಲಿ ಹಾಕಿರುವುದಿಲ್ಲ, ಎರಡೂ ಯೀಸ್ಟ್‌ನ ಕೊಡುಗೆ. ಬೆಂಗಳೂರಿನ ಗೈಸ್ಟ್ ಬ್ರುವರಿಯ ಅಂಕಲ್ ಡಂಕೆಲ್ ಈ ದಾರಿಯದು.

4. ಪೋರ್ಟರ್ (ಇಂಗ್ಲಿಷ್ ಶೈಲಿಗೆ ಶೇ 4–5.5, ಅಮೆರಿಕನ್ ಶೈಲಿಗೆ ಶೇ 6.5ರವರೆಗೆ): ಚಾಕೊಲೇಟ್ ಮಾಲ್ಟ್‌ನ ಕೊಕೊ ರುಚಿ, ಸುಟ್ಟ ಸಕ್ಕರೆಯ ಸಿಹಿ. ಚಾಕೊಲೇಟ್ ಮಾಲ್ಟ್‌ನಲ್ಲಿ ಚಾಕೊಲೇಟ್ ಇರುವುದಿಲ್ಲ. ಹುರಿದ ಬಣ್ಣಕ್ಕೆ ಬಂದ ಹೆಸರದು.

5. ಡ್ರೈ ಅಥವಾ ಐರಿಷ್ ಸ್ಟೌಟ್ (ಶೇ 4–5): ಮೊಳಕೆ ಬರಿಸದೆ ಹುರಿದ ಬಾರ್ಲಿಯಿಂದ ಕಪ್ಪು ಕಾಫಿಯಂಥ ಕಹಿ. ಸಿಹಿ ಬಹಳ ಕಡಿಮೆ. ಮನೆಯಲ್ಲಿ ನೋಡಿದ ಮೂರನೆಯ ಲೋಟ ಇಲ್ಲಿ ನೆನಪಾಗುತ್ತದೆ.

6. ಮಿಲ್ಕ್ ಸ್ಟೌಟ್ (ಶೇ 4–6): ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹಾಕಿರುತ್ತಾರೆ. ಬಿಯರ್ ಯೀಸ್ಟ್‌ಗೆ ಅದನ್ನು ತಿನ್ನಲು ಬರುವುದಿಲ್ಲ, ಆದ್ದರಿಂದ ಸಿಹಿಯೂ ದಪ್ಪವೂ ಉಳಿಯುತ್ತವೆ.

7. ಓಟ್‌ಮೀಲ್ ಸ್ಟೌಟ್ (ಶೇ 4–6): ಓಟ್ಸ್‌ನಿಂದ ನುಣುಪು. ಸಿಹಿಯಲ್ಲಿ ಡ್ರೈ ಮತ್ತು ಮಿಲ್ಕ್ ಸ್ಟೌಟ್‌ಗಳ ನಡುವೆ ನಿಲ್ಲುತ್ತದೆ.

8. ಇಂಪೀರಿಯಲ್ ಸ್ಟೌಟ್ (ಶೇ 8–12): 18ನೇ ಶತಮಾನದಲ್ಲಿ ಲಂಡನ್ನಿನಿಂದ ರಷ್ಯಾದ ಅರಮನೆಗೆ ಹೋಗುತ್ತಿದ್ದ ಗಟ್ಟಿ ಬಿಯರ್‌ನ ವಂಶದ್ದು. ಒಣದ್ರಾಕ್ಷಿ, ಉತ್ತತ್ತಿ, ಕಡು ಚಾಕೊಲೇಟ್, ಗಂಟಲಲ್ಲಿ ಕಾವು. ‘ಕರೀದು ಸ್ಟ್ರಾಂಗ್’ ಎಂಬ ಮಾತು ನಿಜವಾಗುವ ಬಗೆ ಇದು.

ಬಾಟಲಿಯಲ್ಲೇ ನೋಡಬೇಕೆನ್ನುವವರಿಗೆ ನಮ್ಮ ದೇಶದಲ್ಲೇ ತಯಾರಾಗುವ ಸಿಂಬಾ ಸ್ಟೌಟ್‌ನಂಥವು ಇವೆ.

ಕೂರುವ ಮುನ್ನ: ಆರು ಸಿದ್ಧತೆ

1. ಮಗ್ ಬೇಡ, ಸ್ಯಾಂಪ್ಲರ್ ಕೇಳಿ. ಅನೇಕ ಮೈಕ್ರೊಬ್ರುವರಿಗಳಲ್ಲಿ ಸಣ್ಣ ಗ್ಲಾಸುಗಳ ಟ್ರೇ ಸಿಗುತ್ತದೆ. ತಲಾ 60ರಿಂದ 100 ಮಿ.ಲೀ. ಸಾಕು. ಇಲ್ಲದಿದ್ದರೆ ಇಬ್ಬರು ಒಂದೊಂದು ಗ್ಲಾಸು ತರಿಸಿ ಹಂಚಿಕೊಳ್ಳಿ.

2. ಒಂದು ಸಂಜೆಗೆ ನಾಲ್ಕು ಬಗೆಗಿಂತ ಹೆಚ್ಚು ಬೇಡ. ಹುರಿದ ಕಹಿ ನಾಲಿಗೆಯಲ್ಲಿ ಉಳಿದು ಐದನೆಯದರ ರುಚಿಯನ್ನು ಮುಚ್ಚಿಬಿಡುತ್ತದೆ.

3. ಹಗುರದಿಂದ ಗಟ್ಟಿಗೆ ಹೋಗಿ. ಡಂಕೆಲ್, ಶ್ವಾರ್ಟ್ಸ್‌ಬಿಯರ್, ಪೋರ್ಟರ್, ಡ್ರೈ ಸ್ಟೌಟ್, ಮಿಲ್ಕ್ ಸ್ಟೌಟ್, ಕೊನೆಗೆ ಇಂಪೀರಿಯಲ್: ಇದರಲ್ಲಿ ಸಿಕ್ಕವನ್ನು ಇದೇ ಸಾಲಿನಲ್ಲಿ ಇಡಿ. ಮಿಲ್ಕ್ ಸ್ಟೌಟ್ ಆದ ಮೇಲೆ ಡ್ರೈ ಸ್ಟೌಟ್ ಕುಡಿದರೆ ಅದು ಇರುವುದಕ್ಕಿಂತ ಹೆಚ್ಚು ಕಹಿ ಎನಿಸುತ್ತದೆ.

4. ಚಳಿ ಇಳಿಯಲು ಬಿಡಿ. ತೀರ ತಣ್ಣಗಿದ್ದರೆ ಘಮದ ಕಣಗಳು ಮೇಲೇಳುವುದಿಲ್ಲ, ನಾಲಿಗೆಯೂ ಮಂದವಾಗುತ್ತದೆ. ಕಪ್ಪು ಲಾಗರ್‌ಗಳಿಗೆ 6ರಿಂದ 8 ಡಿಗ್ರಿ ಸೆಲ್ಸಿಯಸ್, ಸ್ಟೌಟ್, ಪೋರ್ಟರ್‌ಗಳಿಗೆ 8ರಿಂದ 12, ಇಂಪೀರಿಯಲ್‌ಗೆ 12ರಿಂದ 14 ಒಳ್ಳೆಯದು. ಥರ್ಮಾಮೀಟರ್ ಬೇಕಿಲ್ಲ; ಗ್ಲಾಸು ಬಂದ ಮೇಲೆ ಹತ್ತು ನಿಮಿಷ ಮಾತಾಡಿಕೊಂಡಿರಿ.

5. ನಾಲಿಗೆ ಖಾಲಿ ಇರಲಿ, ಹೊಟ್ಟೆ ಖಾಲಿ ಬೇಡ. ಕೂರುವ ಅರ್ಧ ತಾಸು ಮೊದಲಿನಿಂದ ಎಲೆ-ಅಡಿಕೆ, ಗುಟ್ಕಾ, ಸಿಗರೇಟು, ಪುದೀನ ಗೋಲಿ, ಖಾರದ ಚಟ್ನಿ ಯಾವುದೂ ಬೇಡ. ಅಡಿಕೆಯ ಒಗರು ಹೋಗುವವರೆಗೆ ಸ್ಟೌಟ್‌ನ ಒಗರು ಯಾವುದು ಎಂದು ಹೇಳಲು ಬರುವುದಿಲ್ಲ. ಮೊದಲೇ ಸಪ್ಪೆ ಊಟ ಮಾಡಿರಿ.

6. ನೀರು ಮತ್ತು ಸಪ್ಪೆ ತಿನಿಸು ಪಕ್ಕದಲ್ಲಿರಲಿ. ಮನೆಯಲ್ಲಾದರೆ ಜೋಳದ ರೊಟ್ಟಿಯ ಚೂರಿಗಿಂತ ಒಳ್ಳೆಯದಿಲ್ಲ. ಉಪ್ಪು, ಎಣ್ಣೆ, ಖಾರ ಯಾವುದೂ ಅದರಲ್ಲಿ ಅಡ್ಡ ಬರುವುದಿಲ್ಲ. ಹೋಟೆಲಿನಲ್ಲಾದರೆ ಸಾದಾ ಬ್ರೆಡ್ ಕೇಳಿ.

ಒಂದು ಗ್ಲಾಸಿಗೆ ಆರು ಹೆಜ್ಜೆ

1. ನೋಡಿ. ಗ್ಲಾಸನ್ನು ದೀಪದೆದುರು ಎತ್ತಿ ಹಿಡಿದು ಅಂಚು ನೋಡಿ. ಕಪ್ಪೆಂದುಕೊಂಡದ್ದು ಕೆಂಪು ಮಾಣಿಕ್ಯದ ಬಣ್ಣವಾಗಿರಬಹುದು, ಕಂದಾಗಿರಬಹುದು. ನೊರೆ ಬಿಳಿಯೋ, ಕಾಫಿ ಕೆನೆಯ ಬಣ್ಣವೋ, ಎಷ್ಟು ಹೊತ್ತು ನಿಲ್ಲುತ್ತದೆ?

2. ಮೂಸಿ. ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಎರಡು ಸಣ್ಣ ಉಸಿರು ಎಳೆದುಕೊಳ್ಳಿ. ಒಂದೇ ಸಮ ಮೂಸುತ್ತಿದ್ದರೆ ಮೂಗು ಅದಕ್ಕೆ ಒಗ್ಗಿ ಏನೂ ಹೇಳದಂತಾಗುತ್ತದೆ. ಆಗ ನಿಮ್ಮ ಅಂಗಿಯ ತೋಳನ್ನು ಮೂಸಿ ಮತ್ತೆ ಬನ್ನಿ.

3. ಸಣ್ಣ ಗುಟುಕು ತೆಗೆದುಕೊಂಡು ಬಾಯಿ ತುಂಬ ಆಡಿಸಿ. ಕಹಿ ನಾಲಿಗೆಯ ಹಿಂಭಾಗಕ್ಕೆ ಮಾತ್ರ, ಸಿಹಿ ತುದಿಗೆ ಮಾತ್ರ ತಿಳಿಯುತ್ತದೆ ಎನ್ನುವ ಹಳೆಯ ನಕ್ಷೆ ತಪ್ಪು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆ ಸಿಗುತ್ತದೆ.

4. ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ರುಚಿ ಎಂದು ನಾವು ಕರೆಯುವುದರ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೇರುವ ಘಮ. ಕಾಫಿ, ಕೊಕೊ, ಒಣಹಣ್ಣು ಬೇರೆಯಾಗಿ ತಿಳಿಯುವುದು ಈ ಉಸಿರಿನಲ್ಲೇ.

5. ದಪ್ಪ ನೋಡಿ. ಎರಡನೆಯ ಗುಟುಕಿನಲ್ಲಿ ರುಚಿ ಬಿಟ್ಟು ಸ್ಪರ್ಶಕ್ಕೆ ಗಮನ ಕೊಡಿ. ನೀರಿನಷ್ಟು ತೆಳುವೋ, ಹಾಲಿನಷ್ಟೋ, ಕೆನೆಯಷ್ಟೋ? ಗುಳ್ಳೆ ಚುಚ್ಚುತ್ತದೆಯೋ?

6. ಕಾಯಿರಿ. ಅರ್ಧ ನಿಮಿಷದ ಮೇಲೆ ಬಾಯಲ್ಲಿ ಉಳಿದದ್ದು ಏನು? ಕಹಿಯೋ, ಸಿಹಿಯೋ, ನಾಲಿಗೆ ಹಿಡಿಯುವ ಒಗರೋ? ಕಹಿಯನ್ನೂ ಒಗರನ್ನೂ ಬೆರೆಸಬೇಡಿ. ಕಹಿ ರುಚಿ, ಒಗರು ಬಾಯಿ ಒಣಗಿಸುವ ಹಿಡಿತ. ಒಳ್ಳೆಯ ಸ್ಟೌಟ್‌ನಲ್ಲಿ ಕಹಿ ಇದ್ದೇ ಇರುತ್ತದೆ. ಒಗರು ಮೇಲುಗೈಯಾದರೆ ಧಾನ್ಯವನ್ನು ಹುರಿದದ್ದೋ ಬಿಸಿನೀರಿನಲ್ಲಿ ಬಸಿದದ್ದೋ ಅತಿಯಾಗಿದೆ ಎಂದು ಅರ್ಥ.

ಮುಗಿದೊಡನೆ ಮೊಬೈಲಿನಲ್ಲೋ ಚೀಟಿಯಲ್ಲೋ ಐದು ಮಾತು ಬರೆಯಿರಿ: ಹೆಸರು, ಘಮ, ಮೊದಲ ರುಚಿ, ದಪ್ಪ, ಕೊನೆ. ‘ಚೆನ್ನಾಗಿದೆ’ ಎಂದು ಬರೆದರೆ ಮುಂದಿನ ವಾರ ಅದರಿಂದ ಏನೂ ತಿಳಿಯುವುದಿಲ್ಲ. ‘ಪುಟಾಣಿ ಹುರಿದ ವಾಸನೆ’, ‘ಬೆಲ್ಲ ಸೀದ ಹಾಗೆ’, ‘ಉತ್ತತ್ತಿ’ ಎಂದು ಬರೆದರೆ ತಿಳಿಯುತ್ತದೆ. ವಿದೇಶಿ ಪುಸ್ತಕಗಳಲ್ಲಿ ಬರುವ ನೀವು ತಿನ್ನದ ಹಣ್ಣುಗಳ ಹೆಸರು ಹುಡುಕಿ ಹಾಕುವ ಅಗತ್ಯವಿಲ್ಲ.

ಹೋಲಿಕೆಗೆ ನಾಲ್ಕು ಜೋಡಿ

ಹೋಲಿಸುವಾಗ ಎರಡರ ನಡುವೆ ಮುಖ್ಯವಾಗಿ ಒಂದೇ ವ್ಯತ್ಯಾಸವಿರಬೇಕು. ಡಂಕೆಲ್ ಪಕ್ಕ ಇಂಪೀರಿಯಲ್ ಸ್ಟೌಟ್ ಇಟ್ಟರೆ ಯೀಸ್ಟ್, ಹುರಿತ, ಸಿಹಿ, ಮದ್ಯಸಾರ ಎಲ್ಲವೂ ಬೇರೆ. ಯಾವುದರಿಂದ ಯಾವುದು ಬಂತೆಂದು ಹೇಳಲಾಗುವುದಿಲ್ಲ.

1. ಡಂಕೆಲ್ ಮತ್ತು ಶ್ವಾರ್ಟ್ಸ್‌ಬಿಯರ್: ಎರಡೂ ಲಾಗರ್, ಮದ್ಯಸಾರವೂ ಹೆಚ್ಚುಕಡಿಮೆ ಒಂದೇ. ಕಂದು ಮಾಲ್ಟ್‌ಗೂ ಕಪ್ಪು ಮಾಲ್ಟ್‌ಗೂ ಇರುವ ಅಂತರ ಮಾತ್ರ ಎದ್ದು ಕಾಣುತ್ತದೆ.

2. ಡಂಕೆಲ್ ಮತ್ತು ಡಂಕೆಲ್‌ವೈಟ್ಸೆನ್: ಇಲ್ಲಿ ಹುಡುಕಬೇಕಾದದ್ದು ಯೀಸ್ಟ್‌ನ ಕೈಚಳಕ. ಲಾಗರ್ ಯೀಸ್ಟ್ ತಣ್ಣಗಿನ ತೊಟ್ಟಿಯಲ್ಲಿ, ಸುಮಾರು 8ರಿಂದ 13 ಡಿಗ್ರಿಯಲ್ಲಿ, ನಿಧಾನವಾಗಿ ಕೆಲಸ ಮಾಡಿ ಮಾಲ್ಟ್‌ನ ರುಚಿಯನ್ನು ಮಾತ್ರ ಉಳಿಸುತ್ತದೆ. ಗೋಧಿ ಬಿಯರ್‌ನ ಯೀಸ್ಟ್ ಅದಕ್ಕಿಂತ ಬೆಚ್ಚಗೆ ಹುದುಗಿ ಬಾಳೆ, ಲವಂಗದ ಘಮ ಸೇರಿಸುತ್ತದೆ.

3. ಪೋರ್ಟರ್ ಮತ್ತು ಡ್ರೈ ಸ್ಟೌಟ್: ಗಡಿ ಅಸ್ಪಷ್ಟವಾಗಿರುವ ಜೋಡಿ. ಒಂದು ಬ್ರುವರಿಯ ಪೋರ್ಟರ್ ಇನ್ನೊಂದರ ಸ್ಟೌಟ್‌ಗಿಂತ ಕಪ್ಪಾಗಿರಬಹುದು. ಕೊಕೊ ಮತ್ತು ಸುಟ್ಟ ಸಕ್ಕರೆ ಮುಂದಿದ್ದರೆ ಪೋರ್ಟರ್ ಕಡೆ, ಕಪ್ಪು ಕಾಫಿ ಮುಂದಿದ್ದರೆ ಸ್ಟೌಟ್ ಕಡೆ ಎಂದು ತೂಗಿ. ಒಂದೇ ಬ್ರುವರಿಯವನ್ನೇ ಹೋಲಿಸುವುದು ಮೇಲು.

4. ಡ್ರೈ ಸ್ಟೌಟ್ ಮತ್ತು ಮಿಲ್ಕ್ ಸ್ಟೌಟ್: ಹುರಿದ ರುಚಿ ಎರಡರಲ್ಲೂ ಇದೆ, ಸಿಹಿ ಸೇರಿದಾಗ ಅದೇ ಕಹಿ ಎಷ್ಟು ಮೆತ್ತಗಾಗುತ್ತದೆ ಎಂಬುದು ಪಾಠ.

ನಿಮ್ಮ ನಾಲಿಗೆಯನ್ನು ಪರೀಕ್ಷೆಗೆ ಹಚ್ಚಬೇಕೆಂದರೆ ಮೂರು ಗ್ಲಾಸಿನ ಆಟ ಆಡಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆಯದನ್ನು ಗೆಳೆಯರು ಸುರಿದು ಗ್ಲಾಸಿನ ತಳಕ್ಕೆ ಗುರುತು ಹಾಕಲಿ. ನೀವು ಕಣ್ಣು ಮುಚ್ಚಿ ಬೇರೆಯದು ಯಾವುದೆಂದು ಹೇಳಿ. ಬ್ರುವರಿಗಳ ಪ್ರಯೋಗಾಲಯಗಳಲ್ಲೂ ಇದೇ ಪದ್ಧತಿ ಇದೆ. ಕುರುಡಾಗಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಾಗಾಗಿ ಒಂದು ಸಲ ಸರಿಯಾದದ್ದಕ್ಕೆ ಬೀಗಬೇಡಿ.

ಜೊತೆಗೆ ಏನು ತಿನ್ನುವುದು?

ಹೋಲಿಕೆ ಮುಗಿದ ಮೇಲೆ ತಿನಿಸು ತನ್ನಿ, ಮೊದಲೇ ತಂದರೆ ರುಚಿ ಕಲಸಿಹೋಗುತ್ತದೆ. ಕಪ್ಪು ಬಿಯರ್‌ಗೆ ಚಾಕೊಲೇಟ್ ಕೇಕ್ ಕೊಡುವುದು ಬೆಂಗಳೂರಿನ ರೂಢಿ. ನಮ್ಮ ಕಡೆಯವರು ಅಷ್ಟು ದೂರ ಹೋಗಬೇಕಿಲ್ಲ. ಗೋಕಾಕದ ಕರದಂಟಿನಲ್ಲಿ ಬೆಲ್ಲದ ಪಾಕ, ಕರಿದ ಅಂಟು, ಕೊಬ್ಬರಿ, ಉತ್ತತ್ತಿ ಎಲ್ಲವೂ ಇವೆ. ಡ್ರೈ ಸ್ಟೌಟ್‌ನ ಕಹಿ ಆ ಸಿಹಿಯನ್ನು ಕತ್ತರಿಸುತ್ತದೆ, ಕರದಂಟಿನ ಬೆಲ್ಲ ಸ್ಟೌಟ್‌ನ ಸೀದ ರುಚಿಯನ್ನು ಮೆತ್ತಗೆ ಮಾಡುತ್ತದೆ. ಬೆಳಗಾವಿ ಕುಂದಾ ಹಾಲು ಇಂಗಿ ಕಂದಾದ ತಿನಿಸು. ಅದಕ್ಕೆ ಪೋರ್ಟರ್ ಹೊಂದುತ್ತದೆ. ಮಿಲ್ಕ್ ಸ್ಟೌಟ್ ಜೊತೆ ಇವೆರಡೂ ಬೇಡ, ಸಿಹಿಯ ಮೇಲೆ ಸಿಹಿ ಬಿದ್ದು ಮುಖ ಕಟ್ಟುತ್ತದೆ. ಅದಕ್ಕೆ ಹುರಿದ ಉಪ್ಪು ಶೇಂಗಾ ಸರಿ. ಸಂಕೇಶ್ವರ ಮೆಣಸಿನಕಾಯಿಯ ಖಾರವಿದ್ದರೆ ಕಹಿ ಕಡಿಮೆಯಿರುವ ಡಂಕೆಲ್ ಆರಿಸಿ. ಖಾರ, ಕಹಿ, ಮದ್ಯಸಾರ ಮೂರೂ ಸೇರಿದರೆ ನಾಲಿಗೆ ಉರಿಯುವುದೊಂದೇ ಗೊತ್ತಾಗುತ್ತದೆ.

ಸಾಮಾನ್ಯ ತಪ್ಪುಗಳು

ಐಸ್ ಹಾಕಿಸುವುದು, ಫ್ರೀಜರಿನಲ್ಲಿಟ್ಟ ಗ್ಲಾಸು ಕೇಳುವುದು: ರುಚಿ ಅಡಗುತ್ತದೆ, ಕಹಿ ಮಾತ್ರ ಉಳಿಯುತ್ತದೆ. ‘ಸ್ಟೌಟ್ ಬರೀ ಕಹಿ’ ಎನ್ನುವವರಲ್ಲಿ ಅನೇಕರು ಅದನ್ನು ಬರೀ ತಣ್ಣಗೆ ಕುಡಿದವರು.

ನೊರೆ ಬೇಡವೆನ್ನುವುದು: ಘಮವನ್ನು ಹಿಡಿದಿಟ್ಟು ಬಿಡುವುದೇ ನೊರೆ. ಎರಡು ಬೆರಳು ನೊರೆ ಇರಲಿ.

ಮೊದಲ ಗುಟುಕಿಗೇ ತೀರ್ಪು: ಮೊದಲ ಗುಟುಕು ಬಾಯಲ್ಲಿದ್ದ ಹಿಂದಿನ ರುಚಿಯನ್ನು ತೊಳೆಯುತ್ತದೆ. ಮಾತಾಡುವುದು ಮೂರನೆಯದರ ನಂತರ.

ಗುಂಪಿನಲ್ಲಿ ಜೋರಾಗಿ ಹೇಳುವುದು: ಒಬ್ಬ ‘ಕಾಫಿ’ ಎಂದರೆ ಉಳಿದ ಮೂವರಿಗೂ ಕಾಫಿಯೇ ಕಾಣುತ್ತದೆ. ಮೊದಲು ಬರೆಯಿರಿ, ಆಮೇಲೆ ಮಾತಾಡಿ.

ಕಾಫಿ ಹಾಕಿದ, ಹಾಕದ ಸ್ಟೌಟ್‌ಗಳನ್ನು ಒಂದೇ ಎಂದುಕೊಳ್ಳುವುದು: ಕೆಲವು ಬ್ರುವರಿಗಳು ನಿಜವಾಗಿಯೂ ಕಾಫಿ, ಕೊಕೊ, ವೆನಿಲಾ ಸೇರಿಸುತ್ತವೆ. ಧಾನ್ಯದ ರುಚಿ ಕಲಿಯುವಾಗ ಏನೂ ಸೇರಿಸದ್ದನ್ನೇ ಕೇಳಿ.

ಬಿಯರೇ ಕೆಟ್ಟಿದ್ದರೆ?

ಇಷ್ಟವಾಗದ್ದು ಬೇರೆ, ಕೆಟ್ಟದ್ದು ಬೇರೆ. ನೆನೆದ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳತಾಗಿದೆ. ಬಿಸಿಲು ಬಿದ್ದ ಬಾಟಲಿಯಲ್ಲಿ ಹಾಪ್ಸ್‌ನ ಅಂಶ ಒಡೆದು ನಾರುತ್ತದೆ. ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ಅಷ್ಟಾಗಿ ತಡೆಯುವುದಿಲ್ಲ. ಬೆಣ್ಣೆಯ ವಾಸನೆ ಎದ್ದು ಬಂದರೆ ಹುದುಗುವಿಕೆ ಪೂರ್ತಿಯಾಗಿಲ್ಲ ಅಥವಾ ನಲ್ಲಿಯ ಕೊಳವೆ ಕೊಳೆಯಾಗಿದೆ. ಬೇಯಿಸಿದ ಗೋವಿನಜೋಳದ ವಾಸನೆಯೂ ತಯಾರಿಕೆಯ ದೋಷವೇ. ಹುಳಿ ಬಗೆಯಲ್ಲದ ಬಿಯರ್‌ನಲ್ಲಿ ವಿನಿಗರ್‌ನಂಥ ಹುಳಿ ಬಂದರೆ ಕುಡಿಯದೆ ಹಿಂದಿರುಗಿಸಿ. ಏನು ವಾಸನೆ ಎಂದು ಹೆಸರಿಟ್ಟು ಹೇಳಿದರೆ ವೇಟರ್ ಬ್ರುವರನ್ನೇ ಕರೆಯಬಹುದು. ‘ಚೆನ್ನಾಗಿಲ್ಲ’ ಎಂದಷ್ಟೇ ಹೇಳಿದರೆ ದೋಷ ಏನೆಂದು ಯಾರಿಗೂ ತಿಳಿಯುವುದಿಲ್ಲ.

ಎಚ್ಚರಿಕೆಗಳು

1. ಪ್ರಮಾಣ ಲೆಕ್ಕ ಹಾಕಿ. ಶೇ 5ರ ಬಿಯರ್ ತಲಾ 100 ಮಿ.ಲೀ.ಯಂತೆ ನಾಲ್ಕು ಗ್ಲಾಸು ಎಂದರೆ ಸುಮಾರು 16 ಗ್ರಾಂ ಮದ್ಯಸಾರ. ಶೇ 10ರ ಇಂಪೀರಿಯಲ್ 330 ಮಿ.ಲೀ. ಒಂದೇ ಸುಮಾರು 26 ಗ್ರಾಂ. ಸ್ಯಾಂಪ್ಲರ್ ಆದ ಮೇಲೆ ಮತ್ತೆ ಮಗ್ ತರಿಸಿದರೆ ಸ್ಯಾಂಪ್ಲರ್‌ನ ಉದ್ದೇಶವೇ ಹಾಳು. ಆರೋಗ್ಯಕ್ಕೆ ಪೂರ್ತಿ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

2. ಗಾಡಿ ಓಡಿಸಬೇಡಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ. ರುಚಿ ನೋಡಿದ್ದು, ಕುಡಿದದ್ದಲ್ಲ ಎಂಬ ಮಾತು ಯಂತ್ರದೆದುರು ನಡೆಯುವುದಿಲ್ಲ.

3. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ಔಷಧ ತೆಗೆದುಕೊಳ್ಳುತ್ತಿರುವವರು ದೂರವಿರಿ. ಮಧುಮೇಹಿಗಳು ವೈದ್ಯರನ್ನು ಕೇಳದೆ ಮುಟ್ಟಬೇಡಿ.

4. ಹಾಲು ಒಗ್ಗದವರಿಗೆ ಮಿಲ್ಕ್ ಸ್ಟೌಟ್ ಹೊಟ್ಟೆ ಕೆಡಿಸಬಹುದು. ಗೋಧಿ, ಬಾರ್ಲಿಯ ಗ್ಲುಟೆನ್ ಆಗದವರಿಗೆ ಇಲ್ಲಿ ಹೇಳಿದ ಯಾವ ಬಿಯರೂ, ಮನೆಯ ಬಾರ್ಲಿ ನೀರೂ ಸಲ್ಲದು.

5. ಬೆಳಗಾವಿ ಜಿಲ್ಲೆಯವರಿಗೆ ಗೋವಾ ಹತ್ತಿರ, ಮಹಾರಾಷ್ಟ್ರದ ಗಡಿ ಇನ್ನೂ ಹತ್ತಿರ. ಅಲ್ಲಿ ಕಂಡ ಸ್ಟೌಟ್ ಬಾಟಲಿಯನ್ನು ಚೀಲದಲ್ಲಿಟ್ಟು ತರುವ ಆಸೆ ಬೇಡ. ಕರ್ನಾಟಕದ ಸುಂಕ ಕಟ್ಟದ ಮದ್ಯ ಗಡಿ ದಾಟಿ ಬಂದರೆ ಅಬಕಾರಿ ಪ್ರಕರಣವಾಗುತ್ತದೆ.

ಮೊದಲ ಸಂಜೆಗೆ ಎರಡೇ ಗ್ಲಾಸು

ಇಷ್ಟೆಲ್ಲ ಒಂದೇ ಸಲಕ್ಕೆ ಬೇಡ. ಮನೆಯಲ್ಲಿ ಬಾರ್ಲಿಯ ಮೂರು ಲೋಟ ಮಾಡಿ ನೋಡಿರಿ. ಮುಂದೆ ಬೆಂಗಳೂರಿಗೆ ಹೋದಾಗ ವೇಟರನ್ನು ಎರಡು ಪ್ರಶ್ನೆ ಕೇಳಿ: ‘ನಿಮ್ಮಲ್ಲಿರುವ ಕಪ್ಪು ಬಿಯರ್‌ಗಳಲ್ಲಿ ತೀರ ಹಗುರ ಯಾವುದು? ಏನನ್ನೂ ಸೇರಿಸದ ಸ್ಟೌಟ್ ಇದೆಯೇ?’ ಎರಡನ್ನೂ ಸಣ್ಣ ಗ್ಲಾಸಿನಲ್ಲಿ ತರಿಸಿ, ಹತ್ತು ನಿಮಿಷ ಬಿಟ್ಟು, ಹಗುರದ್ದನ್ನು ಮೊದಲು ನೋಡಿ, ಐದು ಮಾತು ಬರೆದುಕೊಳ್ಳಿ. ಯಾವುದು ಹಿಡಿಸಿತು ಎನ್ನುವುದಕ್ಕಿಂತ ಏಕೆ ಹಿಡಿಸಿತು ಎಂದು ಹೇಳಲು ಬಂದರೆ, ಬೋರ್ಡಿನ ಕೊನೆಯ ಸಾಲುಗಳಲ್ಲಿ ನಿಮಗೆ ಬೇಕಾದದ್ದನ್ನು ಮುಂದಿನ ಸಲ ನೀವೇ ಆರಿಸುತ್ತೀರಿ. ಎರಡೂ ಹಿಡಿಸದಿದ್ದರೂ ನಷ್ಟವೇನಿಲ್ಲ. ದೊಡ್ಡ ಮಗ್‌ನ ದುಡ್ಡು ಉಳಿಯಿತು.